ಇಪ್ಪತ್ತು ಓಟ, ನಾಲ್ಕು ಗೆಲುವು: ಹೊಸ ಕುದುರೆ ಟ್ರೈನರ್‌ನ ಲೆಕ್ಕ ಓದುವುದು ಹೇಗೆ?

ಮೂಡುಬಿದಿರೆಯ ಕಡಲಕೆರೆಯಲ್ಲಿ ಕಂಬಳ. ರಾತ್ರಿ ಒಂದೂವರೆ ದಾಟಿತ್ತು, ಕಿರಿಯ ಕೋಣಗಳ ವಿಭಾಗವಾದ ನೇಗಿಲು ಕಿರಿಯದ ಓಟ ಇನ್ನೂ ಮುಗಿಯುವ ಅಂದಾಜು ಇರಲಿಲ್ಲ. ಗೋಳಿಬಜೆ ತಿನ್ನುತ್ತಾ ನಿಂತಿದ್ದಾಗ, ಕಾರ್ಕಳದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಗೆಳೆಯ ಮೊಬೈಲ್ ಮುಂದೆ ಹಿಡಿದ. ಊರಿನ ವಾಟ್ಸ್ಆ್ಯಪ್ ಗ್ರೂಪಿಗೆ ಬಂದ ಮೆಸೇಜು. ನಮ್ಮ ಕಡೆಯ ಹುಡುಗನೊಬ್ಬ ಬೆಂಗಳೂರಿನಲ್ಲಿ ರೇಸ್‌ಕುದುರೆಗಳ ಟ್ರೈನರ್ ಆಗಿದ್ದಾನೆ, ಮೊದಲ ಸೀಸನ್‌ನಲ್ಲೇ 20 ಓಟಕ್ಕೆ 4 ಗೆಲುವು, ಒಂದು ಕುದುರೆಯಲ್ಲಿ ಪಾಲು ಹಾಕುವವರಿದ್ದರೆ ಫೋನ್ ಮಾಡಿ.

"ಇಪ್ಪತ್ತಕ್ಕೆ ನಾಲ್ಕು ಅಂದ್ರೆ ಒಳ್ಳೆದಾ ಮಾರಾಯ?"

ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡು ಜಿಲ್ಲೆಗಳಲ್ಲಿ ಕುದುರೆ ರೇಸ್ ಇಲ್ಲ. ರಾಜ್ಯದಲ್ಲಿ ರೇಸ್‌ಕೋರ್ಸ್ ಇರುವುದು ಬೆಂಗಳೂರು ಮತ್ತು ಮೈಸೂರಿನಲ್ಲಿ. ಹಾಗಾಗಿ ಇಲ್ಲಿಯವರಿಗೆ ಈ ಅಂಕಿ ನೋಡಿದರೆ ಹಿಗ್ಗಬೇಕೋ ಸುಮ್ಮನಿರಬೇಕೋ ಗೊತ್ತಾಗುವುದಿಲ್ಲ. ಆದರೆ ಕಂಬಳ ನೋಡಿ ಬೆಳೆದವರಿಗೆ ಇದನ್ನು ಅರ್ಥ ಮಾಡಿಕೊಳ್ಳಲು ಬೇಕಾದ ಮುಕ್ಕಾಲು ಪಾಲು ತಿಳಿವಳಿಕೆ ಆಗಲೇ ಇದೆ. ಅದನ್ನು ನೆಚ್ಚಿಕೊಂಡೇ ಮುಂದೆ ಹೋಗುತ್ತೇನೆ. ಹುಡುಗನ ಗುರುತು ಹತ್ತಬಾರದೆಂದು ಅಂಕಿಗಳನ್ನು ಚೂರು ಬದಲಿಸಿ ದುಂಡಗೆ ಮಾಡಿದ್ದೇನೆ.

ಟ್ರೈನರ್ ಮಾಡುವ ಕೆಲಸ ಏನು?

ಕುದುರೆ ಮೇಲೆ ಕೂತು ಓಡಿಸುವವನು ಜಾಕಿ. ದುಡ್ಡು ಹಾಕಿ ಕುದುರೆ ಕೊಂಡವರು ಮಾಲೀಕರು. ಇಬ್ಬರ ನಡುವೆ ವರ್ಷವಿಡೀ ಆ ಪ್ರಾಣಿಯ ಜವಾಬ್ದಾರಿ ಹೊತ್ತವನು ಟ್ರೈನರ್. ಏನು ತಿನ್ನಿಸಬೇಕು, ಬೆಳಗಿನ ಅಭ್ಯಾಸದಲ್ಲಿ ಎಷ್ಟು ದೂರ ಯಾವ ವೇಗದಲ್ಲಿ ಓಡಿಸಬೇಕು, ಯಾವ ರೇಸಿಗೆ ಹೆಸರು ಕೊಡಬೇಕು, ಯಾವ ಜಾಕಿಯನ್ನು ಹತ್ತಿಸಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಯಾವಾಗ ಓಡಿಸಬಾರದು, ಇವೆಲ್ಲ ಅವನ ತೀರ್ಮಾನ. ಕುದುರೆಯ ರಕ್ತದಲ್ಲೋ ಮೂತ್ರದಲ್ಲೋ ನಿಷೇಧಿತ ಮದ್ದು ಸಿಕ್ಕಿದರೆ ರೇಸ್ ನಡೆಸುವ ಕ್ಲಬ್ಬಿನವರು ಮೊದಲು ಕರೆದು ಕೇಳುವುದೂ ಅವನನ್ನೇ.

ನಾನು ಬೆಂಗಳೂರಿನಲ್ಲಿದ್ದಾಗ ಒಂದು ಮುಂಜಾನೆ ಲಾಯದ ಒಳಗೆ ಹೋಗುವ ಅವಕಾಶ ಸಿಕ್ಕಿತ್ತು. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ವಯಸ್ಸಾದ ಟ್ರೈನರ್ ಒಬ್ಬರು ಪ್ರತಿ ಕುದುರೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಮುಂಗಾಲಿನ ಹಿಂಭಾಗದ ಸ್ನಾಯುರಜ್ಜುವಿನ ಮೇಲೆ ಅಂಗೈ ಇಟ್ಟು ಮೊಣಕಾಲಿನಿಂದ ಗೊರಸಿನವರೆಗೆ ನಿಧಾನಕ್ಕೆ ಸವರಿಕೊಂಡು ಬರುತ್ತಿದ್ದರು. ಬಿಸಿ ಇದೆಯಾ ಎಂದು ನೋಡುವುದು. ಒಂದು ಕಾಲು ಇನ್ನೊಂದಕ್ಕಿಂತ ಕೊಂಚ ಬೆಚ್ಚಗಿದ್ದರೂ ಅವತ್ತು ಓಟ ಇಲ್ಲ. ಒಂದು ಕುದುರೆಯ ಹತ್ತಿರ ಎರಡು ಸಲ ಕೈ ಆಡಿಸಿದರು. ಸೈಸ್ ಏನನ್ನೂ ಕೇಳಲಿಲ್ಲ, ಹಗ್ಗ ಬಿಚ್ಚಿ ಅದನ್ನು ವಾಪಸ್ ಒಳಗೆ ಕಟ್ಟಿದ. ಸೈಸ್ ಅಂದರೆ ಕುದುರೆಯನ್ನು ದಿನವಿಡೀ ನೋಡಿಕೊಳ್ಳುವವನು.

ನಮ್ಮಲ್ಲಿ ಕೋಣಗಳಿಗೆ ಎಣ್ಣೆ ತಿಕ್ಕುವುದು, ಈಜಿಸುವುದು, ಹುರುಳಿ ಬೇಯಿಸಿ ಹಾಕುವುದು, ಸೀಸನ್ನಿಗೆ ಮೊದಲು ಕುದಿ, ಅಂದರೆ ಅಭ್ಯಾಸದ ಓಟ ಓಡಿಸಿ ನೋಡುವುದು ಎಲ್ಲ ಇದೇ ಜಾತಿಯ ಕೆಲಸ. ತಮಾಷೆ ಎಂದರೆ ಇಂಗ್ಲಿಷಿನವರು ಹುರುಳಿಗೆ ಕುದುರೆಯ ಹೆಸರಿಟ್ಟಿದ್ದಾರೆ. ತುಳುನಾಡಿನಲ್ಲಿ ಅದು ಹೋಗುವುದು ಕೋಣದ ಹೊಟ್ಟೆಗೆ.

ಬರೀ ಅಂಕಿ ಹೇಗೆ ದಾರಿ ತಪ್ಪಿಸುತ್ತದೆ

2020ರ ಫೆಬ್ರವರಿ ನಿಮಗೆ ನೆನಪಿರಬೇಕು. ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಕೋಣಗಳು ಓಡುವ ಕೆಸರಿನ ದಾರಿ) 13.62 ಸೆಕೆಂಡಿನಲ್ಲಿ ದಾಟಿದರು. ಯಾರೋ ಅದನ್ನು 100 ಮೀಟರಿಗೆ ಭಾಗಿಸಿ 9.55 ಎಂದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ವಿಶ್ವದಾಖಲೆ 9.58. ಆಮೇಲೆ ದೇಶವೆಲ್ಲ ಅದೇ ಸುದ್ದಿ. ಭಾಗಾಕಾರ ಸರಿಯಾಗಿಯೇ ಇತ್ತು. ಆದರೆ ಬೋಲ್ಟ್ ಮುಂದೆ ಹಗ್ಗ ಕಟ್ಟಿದ ಎರಡು ಕೋಣಗಳು ಇರಲಿಲ್ಲ, ಗೌಡರ ಕಾಲಡಿ ಸಿಂಥೆಟಿಕ್ ಟ್ರ್ಯಾಕ್ ಇರಲಿಲ್ಲ. ಗೌಡರು ಶ್ರೇಯಸ್ಸಿನಲ್ಲಿ ಕೋಣಗಳಿಗೂ ಪಾಲು ಕೊಟ್ಟರು, ಕ್ರೀಡಾ ಪ್ರಾಧಿಕಾರ ಕರೆದ ಟ್ರಯಲ್‌ಗೆ ಹೋಗಲಿಲ್ಲ. ಅವರ ಸಾಧನೆ ಸಣ್ಣದಲ್ಲ. ಅದನ್ನು ಅಳೆಯಲು ಹಿಡಿದ ಅಳತೆಗೋಲು ಬೇರೆ ಊರಿನದ್ದಾಗಿತ್ತು ಅಷ್ಟೇ.

20ಕ್ಕೆ 4 ಎನ್ನುವುದೂ ಹಾಗೇ. ರೇಸಿನ ಭಾಷೆಯಲ್ಲಿ ಇದಕ್ಕೆ ಸ್ಟ್ರೈಕ್ ರೇಟ್ ಎನ್ನುತ್ತಾರೆ. ನೂರು ಓಟಕ್ಕೆ ಎಷ್ಟು ಗೆಲುವು ಎಂಬ ಲೆಕ್ಕ. ಇಲ್ಲಿ ಶೇ. 20. ಕ್ರಿಕೆಟ್ ನೋಡುವವರು ಅದನ್ನು ಕಡಿಮೆ ಎಂದುಕೊಳ್ಳಬಹುದು. ಹಾಗಲ್ಲ. ಗೆಲುವು ಒಂದು ಕುದುರೆಗೆ ಮಾತ್ರ, ಉಳಿದವೆಲ್ಲ ಸೋಲುತ್ತವೆ, ಆದ್ದರಿಂದ ಇಲ್ಲಿ ಎಲ್ಲ ಟ್ರೈನರ್‌ಗಳೂ ಗೆಲ್ಲುವುದಕ್ಕಿಂತ ಸೋಲುವುದೇ ಹೆಚ್ಚು. ಹಾಗಾದರೆ ಎಷ್ಟು ಗೆದ್ದರೆ ಒಳ್ಳೆಯದು?

ಎದುರಿಗೆ ಎಷ್ಟು ಕುದುರೆ?

ಕಂಬಳದ ಫಲಿತಾಂಶದ ಹಾಳೆಯಲ್ಲಿ ಯಾವ ವಿಭಾಗದಲ್ಲಿ ಎಷ್ಟು ಜೊತೆ ಕೋಣ ಎಂದು ಮೊದಲೇ ಬರೆದಿರುತ್ತಾರೆ. ನೀರು ಎತ್ತರಕ್ಕೆ ಚಿಮ್ಮಿಸುವ ವಿಭಾಗವಾದ ಕನೆ ಹಲಗೆಗೆ ಬರುವುದು ಬೆರಳೆಣಿಕೆಯ ಜೊತೆಗಳು. ನೇಗಿಲು ಕಿರಿಯಕ್ಕೆ ಬರುವವು ಅದರ ಎಷ್ಟೋ ಪಟ್ಟು, ಹಾಗಾಗಿಯೇ ಬೆಳಗಿನ ಜಾವದವರೆಗೆ ಎಳೆಯುವುದು. ಎರಡೂ ಕಡೆ ಪದಕ ಪದಕವೇ. ಆದರೂ ನೇಗಿಲು ಕಿರಿಯದಲ್ಲಿ ಕರೆಯ ಕೊನೆಯ ಮಂಜೊಟ್ಟಿಗೆ ಮೊದಲು ಮುಟ್ಟಿ ಪದಕ ಹೊಡೆಯಲು ಎಷ್ಟು ಜೊತೆಗಳನ್ನು ದಾಟಬೇಕು ಎಂದು ನಮಗೆ ಗೊತ್ತು.

ಕುದುರೆಗೂ ಅದೇ ಲೆಕ್ಕ. ಆರು ಕುದುರೆ ಓಡುವ ರೇಸಿನಲ್ಲಿ ಎಲ್ಲವೂ ಸಮ ಎಂದಿಟ್ಟುಕೊಂಡರೆ ಒಂದಕ್ಕೆ ಆರರಲ್ಲಿ ಒಂದು ಪಾಲು ಅವಕಾಶ. ಹದಿನಾಲ್ಕು ಓಡಿದರೆ ಹದಿನಾಲ್ಕರಲ್ಲಿ ಒಂದು. ಹುಡುಗನ 20 ಓಟಗಳಲ್ಲಿ 12 ರೇಸಿಗೆ ಆರಾರು ಕುದುರೆ, 8 ರೇಸಿಗೆ ಎಂಟೆಂಟು ಇದ್ದವು ಎನ್ನೋಣ. 12ರಲ್ಲಿ ಆರನೇ ಒಂದು ಪಾಲು ಎಂದರೆ 2, 8ರಲ್ಲಿ ಎಂಟನೇ ಒಂದು ಎಂದರೆ 1. ಅಲ್ಲಿಗೆ ಚೀಟಿ ಎತ್ತಿದರೂ 3 ಗೆಲುವು ಬರಬೇಕು. ಅವನದ್ದು 4. ಚೆನ್ನಾಗಿದೆ, ಆದರೆ ಪಟಾಕಿ ಹೊಡೆಯುವಂಥದ್ದಲ್ಲ. ಅದೇ 20 ರೇಸಿನಲ್ಲೂ ಹದಿನಾಲ್ಕು ಕುದುರೆ ಇದ್ದವಾದರೆ ಚೀಟಿಯ ಲೆಕ್ಕ ಒಂದೂವರೆಗೂ ಕಡಿಮೆ. ಆಗ 4 ಎನ್ನುವುದು ಸುಮಾರು ಮೂರು ಪಟ್ಟು.

ನಿಜದಲ್ಲಿ ಕುದುರೆಗಳು ಸಮ ಇರುವುದಿಲ್ಲ. ಅದನ್ನೂ ಲೆಕ್ಕಕ್ಕೆ ತರಲು ಬಲ್ಲವರು ಬೆಟ್ಟಿಂಗ್ ಭಾವವನ್ನು ನೋಡುತ್ತಾರೆ. ದುಡ್ಡು ಕಟ್ಟಲಿಕ್ಕಲ್ಲ, ಜನ ಆ ಕುದುರೆಯ ಬಗ್ಗೆ ಏನು ಅಂದುಕೊಂಡಿದ್ದರು ಎಂದು ತಿಳಿಯಲಿಕ್ಕೆ. ಒಂದಕ್ಕೆ ನಾಲ್ಕು ಭಾವ, ಅಂದರೆ ಗೆದ್ದರೆ ಒಂದು ರೂಪಾಯಿಗೆ ನಾಲ್ಕು ರೂಪಾಯಿ ಲಾಭ, ಇದ್ದರೆ ಅದು ಐದರಲ್ಲಿ ಒಂದು ಸಲ ಗೆಲ್ಲಬಹುದು ಎಂದು ಪೇಟೆ ಹೇಳಿದ ಹಾಗೆ. (ಬುಕ್ಕಿಯ ಲಾಭ ಅದರೊಳಗೆ ಸೇರಿರುವುದರಿಂದ ನಿಜವಾದ ಅವಕಾಶ ಇನ್ನೂ ಚೂರು ಕಡಿಮೆ.) ಇಪ್ಪತ್ತೂ ಓಟಗಳ ಭಾವವನ್ನು ಹೀಗೆ ಅವಕಾಶಕ್ಕೆ ತಿರುಗಿಸಿ ಕೂಡಿಸಿದರೆ ಎಷ್ಟು ಗೆಲುವಿನ ನಿರೀಕ್ಷೆ ಇತ್ತೆಂದು ತಿಳಿಯುತ್ತದೆ. ಅದು 5 ಬಂದರೆ ನಾಲ್ಕು ಗೆದ್ದ ಟ್ರೈನರ್ ಸಾಲ ಉಳಿಸಿಕೊಂಡಿದ್ದಾನೆ. 2 ಬಂದರೆ ಜನಕ್ಕೆ ಕಾಣದ್ದನ್ನು ಅವನು ಕುದುರೆಯಲ್ಲಿ ಕಂಡಿದ್ದಾನೆ.

ಇಪ್ಪತ್ತು ತುಂಬಾ ಸಣ್ಣ ಸಂಖ್ಯೆ

ಈ ಭಾಗ ಎಲ್ಲರೂ ಹಾರಿಸುವಂಥದ್ದು, ನನ್ನ ಮಟ್ಟಿಗೆ ಅತಿ ಮುಖ್ಯವಾದದ್ದೂ ಇದೇ. ಅಡಿಕೆ ಮಂಡಿಗೆ ಹೋಗೋಣ. ಒಂದು ಗೋಣಿ ಚಾಲಿ ಅಡಿಕೆಯಲ್ಲಿ ಸರಿಯಾಗಿ ಹತ್ತಕ್ಕೆ ಒಂದರಂತೆ ಪಟೋರ, ಅಂದರೆ ಕೀಳು ದರ್ಜೆಯ ಅಡಿಕೆ, ಬೆರೆತಿದೆ ಎಂದುಕೊಳ್ಳಿ. ವ್ಯಾಪಾರಿ ಕಣ್ಣು ಮುಚ್ಚಿ 20 ಅಡಿಕೆ ತೆಗೆಯುತ್ತಾನೆ. ಎರಡು ಪಟೋರ ಸಿಗಬೇಕು ತಾನೇ? ಯಾವಾಗಲೂ ಹಾಗಾಗುವುದಿಲ್ಲ. ನೂರು ಸಲ ಹೀಗೆ ತೆಗೆದರೆ ಸುಮಾರು 12 ಸಲ ಒಂದೂ ಪಟೋರ ಬರುವುದಿಲ್ಲ. ಸುಮಾರು 13 ಸಲ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬರುತ್ತದೆ. ಗೋಣಿ ಮಾತ್ರ ಅದೇ.

ಈಗ ಪಟೋರದ ಜಾಗದಲ್ಲಿ ಗೆಲುವು ಎಂದು ಓದಿ. (ಗೆಲುವನ್ನು ಪಟೋರಕ್ಕೆ ಹೋಲಿಸಿದ್ದಕ್ಕೆ ಕೃಷಿಕರು ಕ್ಷಮಿಸಬೇಕು.) ದೀರ್ಘಕಾಲದಲ್ಲಿ ಹತ್ತಕ್ಕೆ ಒಂದು ಗೆಲ್ಲುವ ಸಾಧಾರಣ ಟ್ರೈನರ್‌ಗಳು ಹದಿನೈದು ಮಂದಿ ಒಟ್ಟಿಗೆ ಕೆಲಸ ಶುರು ಮಾಡಿದರೆ, ಮೊದಲ 20 ಓಟದಲ್ಲಿ ಅವರಲ್ಲಿ ಇಬ್ಬರು ಶೇ. 20 ಅಥವಾ ಮೇಲಿನ ದಾಖಲೆ ತೋರಿಸುತ್ತಾರೆ. ಯಾವ ವಿಶೇಷ ಕೈಗುಣವೂ ಬೇಕಿಲ್ಲ. ಮತ್ತಿಬ್ಬರು ಒಂದೂ ಗೆಲ್ಲದೆ ಊರಿಗೆ ಫೋನ್ ಮಾಡಲು ನಾಚಿಕೊಳ್ಳುತ್ತಾರೆ. ವಾಟ್ಸ್ಆ್ಯಪ್‌ನಲ್ಲಿ ಫಾರ್ವರ್ಡ್ ಆಗುವುದು ಯಾರ ಮೆಸೇಜು?

ಓಟಗಳು ಹೆಚ್ಚಾದಂತೆ ಅದೃಷ್ಟದ ಆಟ ಕುಗ್ಗುತ್ತದೆ. 100 ಓಟಕ್ಕೆ 20 ಗೆದ್ದವನು ನಿಜಕ್ಕೂ ಹತ್ತಕ್ಕೆ ಒಂದರ ಆಸಾಮಿಯಾಗಿರುವ ಸಂಭವ ಸಾವಿರಕ್ಕೆ ಎರಡು ಮಾತ್ರ ಎಂದು ಹೇಳುವುದು ಬಾಯಿಗೆ ಸಲೀಸು, ಆದರೆ ಅದು ಪೂರ್ತಿ ಸರಿಯಲ್ಲ. ಸರಿಯಾಗಿ ಹೇಳಬೇಕೆಂದರೆ, ಹತ್ತಕ್ಕೆ ಒಂದರ ಸಾವಿರ ಟ್ರೈನರ್‌ಗಳಲ್ಲಿ 100 ಓಟಕ್ಕೆ 20 ಅಥವಾ ಹೆಚ್ಚು ಗೆಲ್ಲುವವರು ಸುಮಾರು ಇಬ್ಬರು. ಇಲ್ಲೂ ಒಂದು ಗಂಟಿದೆ. ಅಡಿಕೆ ಒಂದೊಂದೂ ಬೇರೆ, ಕುದುರೆಯ ಓಟ ಹಾಗಲ್ಲ. ಅದೇ ಕುದುರೆ ಐದು ಸಲ ಓಡುತ್ತದೆ. ನಾಲ್ಕು ಗೆಲುವೂ ಒಂದೇ ಕುದುರೆಯದ್ದಾದರೆ ನಿಮ್ಮ ಕೈಯಲ್ಲಿರುವುದು ಒಂದು ಒಳ್ಳೆಯ ಕುದುರೆಯ ದಾಖಲೆ, ಟ್ರೈನರ್‌ನದ್ದಲ್ಲ. ನಾಲ್ಕು ಬೇರೆ ಬೇರೆ ಕುದುರೆ ಗೆದ್ದಿದ್ದರೆ ಮಾತಿಗೆ ತೂಕ ಬರುತ್ತದೆ.

ಕುದುರೆ ಎಲ್ಲಿಂದ ಬಂತು?

ಕಂಬಳದಲ್ಲಿ ಒಬ್ಬನೇ ಓಟಗಾರ ಒಂದೇ ದಿನ ಬೇರೆ ಬೇರೆ ಯಜಮಾನರ ಕೋಣಗಳನ್ನು ಓಡಿಸುತ್ತಾನೆ. ಪದಕ ಬಂದಾಗ ಅದು ಓಟಗಾರನ ಕಾಲಿನದ್ದೋ ಜೊತೆಯ ತಾಕತ್ತೋ ಎಂಬ ಚರ್ಚೆ ಮುಗಿಯುವುದೇ ಇಲ್ಲ. ಅದನ್ನು ಬಿಡಿಸಲು ಇರುವ ದಾರಿ ಒಂದೇ: ಅದೇ ಜೊತೆ ಬೇರೊಬ್ಬನ ಕೈಯಲ್ಲಿ ಹೇಗೆ ಓಡಿತ್ತು, ಅದೇ ಓಟಗಾರ ಬೇರೆ ಜೊತೆಯೊಂದಿಗೆ ಹೇಗೆ ಓಡಿದ ಎಂದು ನೋಡುವುದು.

ಕುದುರೆಗಳೂ ಲಾಯ ಬದಲಿಸುತ್ತವೆ. ಮೊದಲಿದ್ದ ಕಡೆ ಐದಾರು ಸಲ ಹಿಂದೆಯೇ ಉಳಿದ ಕುದುರೆ ಹೊಸ ಟ್ರೈನರ್ ಹತ್ತಿರ ಬಂದು ನಾಲ್ಕು ತಿಂಗಳಲ್ಲಿ ಮುಂದೆ ಬರತೊಡಗಿದರೆ, ಅಂಥ ಒಂದು ಕುದುರೆ ಹತ್ತು ಗೆಲುವಿಗಿಂತ ಹೆಚ್ಚು ಹೇಳುತ್ತದೆ. ತಿರುಗುಮುರುಗಾಗಿಯೂ ನೋಡಬೇಕು. ಹಳೆಯ ಟ್ರೈನರ್ ಆಗಲೇ ಹದ ಮಾಡಿಟ್ಟ ಕುದುರೆ ಹೊಸಬನ ಹೆಸರಲ್ಲಿ ಮೊದಲ ಓಟಕ್ಕೇ ಗೆದ್ದರೆ ಅಡುಗೆ ಮಾಡಿದವರು ಒಬ್ಬರು, ಬಡಿಸಿದವರು ಇನ್ನೊಬ್ಬರು.

ದೊಡ್ಡ ಉದಾಹರಣೆ ಬೇಕಾದರೆ ಐರ್ಲೆಂಡಿನ ಜೋಸೆಫ್ ಓಬ್ರಿಯನ್. ಜಾಕಿಯಾಗಿದ್ದವರು 2016ರಲ್ಲಿ ಟ್ರೈನರ್ ಪರವಾನಗಿ ಪಡೆದರು. 2017ರ ನವೆಂಬರ್‌ನಲ್ಲಿ, 24ನೇ ವಯಸ್ಸಿಗೆ, ಅವರ ಕುದುರೆ ರೀಕಿಂಡ್ಲಿಂಗ್ ಆಸ್ಟ್ರೇಲಿಯಾದ 3200 ಮೀಟರಿನ ಮೆಲ್ಬರ್ನ್ ಕಪ್ ಗೆದ್ದಿತು. ಎರಡನೇ ಸ್ಥಾನಕ್ಕೆ ಬಂದ ಕುದುರೆಯ ಟ್ರೈನರ್ ಯಾರು? ಅವರ ಅಪ್ಪ ಏಡನ್ ಓಬ್ರಿಯನ್, ಜಗತ್ತಿನ ಅತಿ ಹೆಸರುವಾಸಿ ಟ್ರೈನರ್‌ಗಳಲ್ಲಿ ಒಬ್ಬರು. ತಾಯಿ, ತಾಯಿಯ ತಂದೆ ಕೂಡ ಟ್ರೈನರ್‌ಗಳೇ. ಕುದುರೆಯ ಮಾಲೀಕರು ಆ ಕಪ್ಪನ್ನು ಹಿಂದೆಯೂ ಹಲವು ಸಲ ಗೆದ್ದವರು. ಇದರಿಂದ ಮಗನ ಸಾಧನೆ ಕಿರಿದಾಗುವುದಿಲ್ಲ, ಆಮೇಲಿನ ವರ್ಷಗಳಲ್ಲಿ ಅವರು ಅದನ್ನು ತೋರಿಸಿಯೂ ಕೊಟ್ಟರು. ಆದರೆ 2017ರಲ್ಲಿ ಆ ಒಂದು ಗೆಲುವನ್ನು ಮಾತ್ರ ನೋಡಿ ಎಷ್ಟು ಪಾಲು ಮಗನದ್ದು, ಎಷ್ಟು ಮನೆತನದ್ದು, ಎಷ್ಟು ಮಾಲೀಕರ ಥೈಲಿಯದ್ದು ಎಂದು ಯಾರಿಂದಲೂ ಹೇಳಲಾಗುತ್ತಿರಲಿಲ್ಲ.

ನಮ್ಮ ದೇಶದಲ್ಲಿ ಪೇಸಿ ಶ್ರಾಫ್ ಅವರದ್ದು ಇನ್ನೊಂದು ಬಗೆ. ಜಾಕಿಯಾಗಿ ಎಂಟು ಸಲ ದೇಶದ ದೊಡ್ಡ ರೇಸಾದ ಇಂಡಿಯನ್ ಡರ್ಬಿ ಗೆದ್ದು 2004ರಲ್ಲಿ ಸವಾರಿ ನಿಲ್ಲಿಸಿ ಟ್ರೈನರ್ ಆದವರು. ಅಂಥವರು ಕೆಲಸ ಶುರು ಮಾಡಿದ ದಿನವೇ ಒಳ್ಳೆಯ ವಂಶದ ಕುದುರೆ ಕೊಡಲು ಮಾಲೀಕರು ಮುಂದೆ ಬರುತ್ತಾರೆ. ಸಹಾಯಕನಾಗಿ ಹತ್ತು ವರ್ಷ ದುಡಿದು ಪರವಾನಗಿ ಪಡೆದ ನಮ್ಮೂರ ಹುಡುಗನಿಗೆ ಸಿಗುವುದು ಬೇರೆಯವರು ಕೈಬಿಟ್ಟ ಕುದುರೆ, ಇಲ್ಲವೇ ಇನ್ನೂ ಓಡದ ಎರಡು ವರ್ಷದ ಮರಿ. ಮರಿಗೆ ಸಮಯ ಬೇಕು. ಅವಸರ ಮಾಡದ ಟ್ರೈನರ್‌ನ ಮೊದಲ ವರ್ಷದ ಲೆಕ್ಕ ಬಡವಾಗಿ ಕಾಣುವುದು ಸಹಜ.

ಗೆದ್ದ ಮೇಲೆ ಏನಾಯಿತು?

ಹೆಚ್ಚಿನ ರೇಸುಗಳು ಹ್ಯಾಂಡಿಕ್ಯಾಪ್ ರೇಸುಗಳು. ಪ್ರತಿ ಕುದುರೆಗೂ ಕ್ಲಬ್ಬಿನವರು ರೇಟಿಂಗ್ ಎಂಬ ಅಂಕ ಕೊಡುತ್ತಾರೆ. ಅಂಕ ಹೆಚ್ಚಿದ್ದ ಕುದುರೆ ಹೆಚ್ಚು ತೂಕ ಹೊರಬೇಕು. ಜಾಕಿಯ ಮೈತೂಕ ಸಾಲದಿದ್ದರೆ ಜೀನಿನ ಜೊತೆ ಸೀಸದ ತುಂಡು ಸೇರಿಸುತ್ತಾರೆ. ಬಲವಾದದ್ದಕ್ಕೆ ಹೊರೆ ಹೇರಿ, ದುರ್ಬಲವಾದದ್ದಕ್ಕೆ ಇಳಿಸಿ, ಎಲ್ಲವೂ ಒಟ್ಟಿಗೆ ಗುರಿ ಮುಟ್ಟುವಂತೆ ಮಾಡುವ ಯತ್ನ ಅದು.

ಗೆದ್ದ ಕುದುರೆಯ ಅಂಕ ಏರುತ್ತದೆ, ಮುಂದಿನ ಸಲ ಹೊರೆ ಹೆಚ್ಚು, ಕೆಲವೊಮ್ಮೆ ಮೇಲಿನ ದರ್ಜೆಗೆ ಬಡ್ತಿ. ಕಿರಿಯದಲ್ಲಿ ಹೆಸರು ಮಾಡಿದ ಜೊತೆ ಹಿರಿಯದಲ್ಲಿ ಓಡುವಾಗ ಏನಾಗುತ್ತದೆಂದು ನಮಗೆ ಹೇಳಿಕೊಡಬೇಕಿಲ್ಲ. ಹಾಗಾಗಿ ಮೊದಲ ಗೆಲುವಿಗಿಂತ, ತೂಕ ಏರಿದ ಮೇಲೂ ಅದೇ ಕುದುರೆ ಎರಡನೆಯದೋ ಮೂರನೆಯದೋ ಬಂದಿದ್ದರೆ ಅದು ದೊಡ್ಡ ಸಂಗತಿ. ಮೆಸೇಜಿನಲ್ಲಿ ಅದು ಸೋಲಿನ ಲೆಕ್ಕಕ್ಕೆ ಹೋಗಿರುತ್ತದೆ.

ಬಹುಮಾನದ ಒಟ್ಟು ಮೊತ್ತ ನೋಡಿ ಅಳೆಯುವವರೂ ಇದ್ದಾರೆ. ಒಂದೇ ದೊಡ್ಡ ರೇಸು ಆ ಅಂಕಿಯನ್ನು ಉಬ್ಬಿಸಿಬಿಡುತ್ತದೆ, ನಾನು ಅದಕ್ಕೆ ಬೆಲೆ ಕೊಡುವುದಿಲ್ಲ. ಯಾವ ವರ್ಷ ಎಂಬುದನ್ನು ಮಾತ್ರ ಮರೆಯಬಾರದು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ದೇಶದ ರೇಸುಗಳೆಲ್ಲ ನಿಂತವು. ಓಟ ನಿಂತರೂ ಕುದುರೆ ತಿನ್ನುವುದು ನಿಲ್ಲುವುದಿಲ್ಲ. ಆ ವರ್ಷ ಕೆಲಸ ಶುರು ಮಾಡಿದವನ ಅಂಕಿಯನ್ನು ಬೇರೆ ವರ್ಷದವನದ್ದಕ್ಕೆ ಹೋಲಿಸಿದರೆ ಅನ್ಯಾಯ.

ಸೋತ ಹದಿನಾರು

ಮೆಸೇಜು ನಾಲ್ಕು ಗೆಲುವಿನ ಬಗ್ಗೆ ಇತ್ತು. ನಾನು ಗೆಳೆಯನಿಗೆ ಹೇಳಿದ್ದು ಉಳಿದ ಹದಿನಾರನ್ನು ಕೇಳು ಎಂದು. ಟ್ರೈನರ್‌ನ ಕೈ ಕಾಣಿಸುವುದು ಅಲ್ಲಿ.

ಗೆದ್ದ ಓಟದಲ್ಲಿ ಕುದುರೆ, ಜಾಕಿ, ಅದೃಷ್ಟ, ತೂಕ ಎಲ್ಲ ಕೂಡಿ ಬಂದಿರುತ್ತವೆ. ಯಾವುದು ಎಷ್ಟು ಎಂದು ಬಿಡಿಸುವುದು ಕಷ್ಟ. ಸೋಲಿನಲ್ಲಿ ತೀರ್ಮಾನಗಳು ಬರಿಗಣ್ಣಿಗೆ ಕಾಣುತ್ತವೆ. 1200 ಮೀಟರಿನಲ್ಲಿ ಕೊನೆಗೆ ಸುಸ್ತಾಗಿ ಬಿದ್ದ ಕುದುರೆಯನ್ನು ಮುಂದಿನ ಸಲ 1600ಕ್ಕೆ ಹಾಕಿದನೇ, ಇಲ್ಲ 1000ಕ್ಕೆ ಇಳಿಸಿದನೇ? ಕೆಟ್ಟದಾಗಿ ಓಡಿದ ಕುದುರೆಗೆ ಬಿಡುವು ಕೊಟ್ಟನೇ, ಇಲ್ಲ ಮಾಲೀಕರ ಒತ್ತಾಯಕ್ಕೆ ಹತ್ತೇ ದಿನದಲ್ಲಿ ಮತ್ತೆ ಇಳಿಸಿದನೇ? ಸೋತ ಓಟಗಳಲ್ಲಿ ಎಷ್ಟು ಸಲ ಮೊದಲ ನಾಲ್ಕರೊಳಗೆ, ಎಷ್ಟು ಸಲ ತೀರಾ ಕೊನೆಗೆ? ಗೆದ್ದ ಕುದುರೆಯಿಂದ ಎಷ್ಟು ದೂರ? ಆ ದೂರವನ್ನು ಕುದುರೆಯ ಮೈ ಉದ್ದದ ಲೆಕ್ಕದಲ್ಲಿ, ಲೆಂಗ್ತ್ ಎಂದು ಬರೆದಿರುತ್ತಾರೆ. ಒಂದು ಲೆಂಗ್ತ್ ಎಂದರೆ ಸುಮಾರು ಎರಡೂವರೆ ಮೀಟರ್. ಹತ್ತು ಲೆಂಗ್ತ್ ಹಿಂದಿದ್ದದ್ದು ಆರಕ್ಕೆ, ಆಮೇಲೆ ಎರಡಕ್ಕೆ ಬಂದಿದ್ದರೆ ಗೆಲ್ಲದಿದ್ದರೂ ಕುದುರೆ ಹದಕ್ಕೆ ಬರುತ್ತಿದೆ ಎಂದರ್ಥ. ಮತ್ತೆ, ಸೀಸನ್ ಮುಗಿಯುವಾಗ ಎಷ್ಟು ಕುದುರೆ ಗಾಯವಿಲ್ಲದೆ ಲಾಯದಲ್ಲಿ ನಿಂತಿದ್ದವು?

ಕುದುರೆ ರೇಸು ಜೂಜೋ ಕೌಶಲವೋ ಎಂಬ ಪ್ರಶ್ನೆ ಒಮ್ಮೆ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. 1996ರಲ್ಲಿ ಮದರಾಸಿನ ರೇಸಿಗೆ ಸಂಬಂಧಿಸಿದ ಪ್ರಕರಣದಲ್ಲಿ ಕೋರ್ಟು ಇದನ್ನು ಕೌಶಲದ ಆಟ ಎಂದಿತು. ಕುದುರೆಯ ತಳಿ, ತರಬೇತಿ, ಸವಾರನ ಕೌಶಲ ಇವು ಫಲಿತಾಂಶ ನಿರ್ಧರಿಸುತ್ತವೆ ಎಂಬುದು ಅದರ ತರ್ಕ. ಆ ಮೂರರಲ್ಲಿ ಟ್ರೈನರ್‌ನ ಪಾಲು ನಡುವಿನ ಒಂದು.

ಗೆಳೆಯ ಆ ನಂಬರಿಗೆ ಫೋನ್ ಮಾಡಿ ಹದಿನಾರರ ವಿವರ ಕೇಳಿದ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಮೆಸೇಜು ಹಾಕಿದ್ದು ಹುಡುಗನ ಮಾವನಂತೆ, ಹುಡುಗನಿಗೆ ಅದು ಗೊತ್ತೇ ಇರಲಿಲ್ಲವಂತೆ. ಎರಡು ದಿನ ಬಿಟ್ಟು ನೋಟ್‌ಬುಕ್ಕಿನ ಮೂರು ಹಾಳೆಗಳ ಫೋಟೊ ಬಂತು. ಪೆನ್ನಿನಲ್ಲಿ ಬರೆದ ಪಟ್ಟಿ, ಒಂದು ಹಾಳೆಯ ಮೂಲೆಯಲ್ಲಿ ಚಹಾದ ಕಲೆ. ಹದಿನಾರೂ ಇದ್ದವು. ಪ್ರತಿಯೊಂದರ ಎದುರು ದೂರ, ತೂಕ, ಎಷ್ಟನೇ ಸ್ಥಾನ, ಎಷ್ಟು ಲೆಂಗ್ತ್, ಮತ್ತೆ ಒಂದು ಸಾಲಿನ ಷರಾ. "ಲಾಳ ಸಡಿಲ." "ಗೇಟಿನಲ್ಲಿ ಹೆದರಿತು." "ಮೇವು ಬಿಟ್ಟಿತ್ತು, ಓಡಿಸಬಾರದಿತ್ತು." ಏಳನೆಯದರ ಎದುರು ಬರೀ ಎರಡು ಪದ: "ನನ್ನ ತಪ್ಪು."

ಗೆಳೆಯ ಇನ್ನೂ ಪಾಲು ಹಾಕಿಲ್ಲ. ಮುಂದಿನ ತಿಂಗಳು ಬೆಂಗಳೂರಿಗೆ ರಾತ್ರಿ ಬಸ್ಸಿನ ಟಿಕೆಟ್ ಮಾಡಿಸಿದ್ದಾನೆ, ಬೆಳಿಗ್ಗೆ ಐದಕ್ಕೆ ಲಾಯದ ಬಾಗಿಲಲ್ಲಿ ಇರುವ ಹಾಗೆ.